ಗೈಡ್ ತರಬೇತಿ ಗುಡಿಯ ಮುಂದೆಯೇ ನಡೆಯಲಿ: ಪ್ರವಾಸೋದ್ಯಮ ಸಚಿವರಿಗೆ ಹಳೇಬೀಡಿನ ಗೈಡ್ ಒಬ್ಬನ ಬಹಿರಂಗ ಪತ್ರ

ಗೆ,
ಮಾನ್ಯ ಪ್ರವಾಸೋದ್ಯಮ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಪ್ರವಾಸಿ ಗೈಡ್‌ಗಳ ತರಬೇತಿ ಮತ್ತು ಅರ್ಹತೆಯ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ಹಳೇಬೀಡಿನವನು. 14 ವರ್ಷದಿಂದ ಹಳೇಬೀಡು, ಬೇಲೂರಿನಲ್ಲಿ ಗೈಡ್ ಕೆಲಸ ಮಾಡುತ್ತಿದ್ದೇನೆ. ಕೊರಳಲ್ಲಿ ಕಾರ್ಡು ಇದೆ, ಮಾತಾಡಿ ಮಾತಾಡಿ ಗಂಟಲು ಒಡೆದಿದೆ, ಈ ಕೆಲಸದಿಂದಲೇ ಮನೆ ನಡೆದಿದೆ. ಹಾಗಾಗಿ ಈ ಪತ್ರವನ್ನು ಸಿಟ್ಟಿನಿಂದ ಬರೆಯುತ್ತಿಲ್ಲ, ಕೆಲಸದ ಮೇಲಿನ ಪ್ರೀತಿಯಿಂದ ಬರೆಯುತ್ತಿದ್ದೇನೆ. ಕಚೇರಿಗೆ ಅರ್ಜಿ ಹಾಕಬಹುದಿತ್ತು. ಆದರೆ ಇದನ್ನು ನನ್ನ ಜೊತೆಯ ಗೈಡ್‌ಗಳೂ ಓದಬೇಕು, ದುಡ್ಡು ಕೊಟ್ಟು ನಮ್ಮ ಮಾತು ಕೇಳುವ ಪ್ರವಾಸಿಗರೂ ಓದಬೇಕು. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ನನ್ನದೇ ಒಂದು ಸಂಗತಿ ಹೇಳುತ್ತೇನೆ. ಸುಮಾರು ಎಂಟು ವರ್ಷದ ಹಿಂದಿನ ಮಾತು. ಒಂದು ಬೆಳಿಗ್ಗೆ, ಇನ್ನೂ ಬಸ್ಸುಗಳು ಬಂದಿರಲಿಲ್ಲ, ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಬಂದರು. ಯಜಮಾನರು ಕನ್ನಡ ಮೇಷ್ಟರಾಗಿದ್ದವರು, ರಿಟೈರ್ ಆಗಿದ್ದರು. ನಾನು ಯಾವತ್ತಿನಂತೆ ಶುರುಮಾಡಿದೆ. ಈ ಗುಡಿಗಳನ್ನು ಕೆತ್ತಿದ ಅಂತ ಜನ ಹೇಳುವ ಶಿಲ್ಪಿ ಜಕಣಾಚಾರಿ ಕತೆ, ಮಗ ಡಂಕಣ ಬಂದದ್ದು, ಕಲ್ಲಿನೊಳಗಿನ ಕಪ್ಪೆ, ಎಲ್ಲ ಹೇಳಿದೆ. ಅವರು ಒಂದು ಮಾತೂ ಅಡ್ಡ ಆಡದೆ ಕೇಳಿದರು. ಆಮೇಲೆ ಗುಡಿಯ ಹೊರಗೋಡೆ ಸುತ್ತುತ್ತಾ ಒಂದು ಶಿಲ್ಪದ ಮುಂದೆ ನಿಂತು ಮೊಣಕಾಲೂರಿ ಕೂತರು. ಮೊಬೈಲ್ ಟಾರ್ಚ್ ಹಾಕಿ, ನೇರಕ್ಕೆ ಬಿಡದೆ ಪಕ್ಕದಿಂದ ಓರೆಯಾಗಿ ಬೆಳಕು ಹಿಡಿದರು. ಅಲ್ಲಿಯವರೆಗೆ ಏನೂ ಇಲ್ಲದ ಹಾಗೆ ಕಾಣುತ್ತಿದ್ದ ಪೀಠದ ಕಲ್ಲಲ್ಲಿ ಅಕ್ಷರಗಳು ಎದ್ದು ಬಂದವು.

"ಬನ್ನಿ, ಓದಿ" ಅಂದರು.

ನನಗೆ ಓದಲು ಬರಲಿಲ್ಲ. ಅವರೇ ಬೆರಳು ತೋರಿಸಿ ಒಂದೊಂದೇ ಹೇಳಿದರು. ಮಾ. ಬ. ಲ. "ಮಾಬಲ. ಇದನ್ನ ಕೆತ್ತಿದವನ ಹೆಸರು ಇದು. ಅವನೇ ಬರೆದು ಹೋಗಿದ್ದಾನೆ. ನೀವು ಬೇರೆಯವರ ಹೆಸರು ಹೇಳ್ತಿದೀರಲ್ಲಪ್ಪ" ಅಂದರು. ಗದರಿಸಲಿಲ್ಲ. ಮಗನಿಗೆ ಹೇಳುವ ಹಾಗೆ ಹೇಳಿದರು. ಹೋಗುವಾಗ ನನ್ನ ಫೀಸೂ ಪೂರ್ತಿ ಕೊಟ್ಟರು.

ಮಾನ್ಯರೇ, ಆ ಕಲ್ಲಿನ ಮುಂದೆ ನಾನು ಅಷ್ಟರೊಳಗೆ ಸಾವಿರಾರು ಸಲ ಹಾದುಹೋಗಿದ್ದೆ. ಅಕ್ಷರಗಳು ಕನ್ನಡದ್ದೇ. ಈಗಿನದಕ್ಕಿಂತ ರೂಪ ಸ್ವಲ್ಪ ಬೇರೆ, ಅಷ್ಟೇ. ಕನ್ನಡ ಶಾಲೆಯಲ್ಲಿ ಓದಿದ ನನಗೆ ಒಂದು ವಾರ ಯಾರಾದರೂ ಕೂರಿಸಿಕೊಂಡು ಹೇಳಿಕೊಟ್ಟಿದ್ದರೆ ಓದಲು ಬರುತ್ತಿತ್ತು. ಆದರೆ ಗೈಡ್ ಆಗಲು ಏನೇನು ಬೇಕು ಅಂತ ಕೇಳಿದವರು ಯಾರೂ ಅದನ್ನು ಕೇಳಿರಲಿಲ್ಲ.

ಅವತ್ತಿನಿಂದ ನಾನೇ ಹುಡುಕಿ ಓದಲು ಶುರುಮಾಡಿದೆ. ಹಾಸನ ಜಿಲ್ಲೆಯ ಶಾಸನಗಳನ್ನು ಶಾಸನ ತಜ್ಞ ಬಿ.ಎಲ್. ರೈಸ್ ಅವರು 1902ರಲ್ಲೇ ಸಂಪುಟ ಮಾಡಿ ಅಚ್ಚು ಹಾಕಿಸಿದ್ದರು ಅಂತ ಗೊತ್ತಾಯಿತು. ಅಂದರೆ 100 ವರ್ಷಕ್ಕೂ ಹಿಂದೆಯೇ ಎಷ್ಟೋ ಶಾಸನ ಓದಿ ಮುಗಿದಿತ್ತು, ನಮ್ಮ ಕಿವಿಗೆ ಮಾತ್ರ ಬಿದ್ದಿರಲಿಲ್ಲ. ಬೇಲೂರಿನ ಮದನಿಕೆಗಳನ್ನು, ಅಂದರೆ ಶಿಲಾಬಾಲಿಕೆಯರನ್ನು, ಮಾಡಿದವರಲ್ಲಿ ಬಳ್ಳಿಗಾವೆಯ ದಾಸೋಜ ಇದ್ದ, ಅವನ ಮಗ ಚಾವಣ ಇದ್ದ, ಅವರ ಹೆಸರು ಅಲ್ಲೇ ಇದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಅನ್ನುವವನು ಒಂದಾದ ಮೇಲೊಂದು ಶಿಲ್ಪದ ಕೆಳಗೆ ಸಹಿ ಹಾಕಿದ್ದಾನೆ. ಹಳೇ ಕಾಲದ ಶಿಲ್ಪಿಗಳ ಹೆಸರು ಸಿಗುವುದೇ ಅಪರೂಪ. ನಮ್ಮ ಹೊಯ್ಸಳ ಗುಡಿಗಳಲ್ಲಿ ಅವು ಕಣ್ಣಿಗೆ ಕಾಣುವ ಹಾಗೆ ಇವೆ. ಹೀಗಿರುವಾಗ ನಾವು ಅವನ್ನು ದಾಟಿ ಮುಂದೆ ಹೋಗುತ್ತಿದ್ದೇವೆ.

ಜಕಣಾಚಾರಿ ಕತೆ ಬೇಡ ಅಂತ ನಾನು ಹೇಳುತ್ತಿಲ್ಲ. ಆ ಕತೆ ನಮ್ಮೂರಿನ ಅಜ್ಜಿಯರ ಬಾಯಲ್ಲಿ ಬಂದದ್ದು, ಸರ್ಕಾರವೇ ಜನವರಿ 1ರಂದು ಜಕಣಾಚಾರಿಯ ಸ್ಮರಣೆ ಮಾಡುತ್ತದೆ, ನನಗೂ ಅದು ಇಷ್ಟ. ಈಗಲೂ ಹೇಳುತ್ತೇನೆ. ಆದರೆ "ಇದು ಜನ ಹೇಳುವ ಕತೆ, ಇದು ಕಲ್ಲಲ್ಲಿ ಬರೆದದ್ದು" ಅಂತ ಬೇರೆ ಬೇರೆ ಮಾಡಿ ಹೇಳುತ್ತೇನೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಅಂತ ತೋರಿಸುವುದೇ ಗೈಡ್ ತರಬೇತಿಯ ಮೊದಲ ಪಾಠ ಆಗಬೇಕು ಅಲ್ವಾ?

ಈಗ ನಾವು ಕೆಲಸ ಕಲಿಯುವ ರೀತಿ ಹೇಗಿದೆ ಅಂದರೆ, ಹಿರಿಯ ಗೈಡ್ ಹಿಂದೆ ಆರು ತಿಂಗಳು ಓಡಾಡುತ್ತೇವೆ, ಅವರು ಹೇಳಿದ್ದನ್ನು ಬಾಯಿಪಾಠ ಮಾಡುತ್ತೇವೆ, ಅವರ ತಮಾಷೆಗಳನ್ನೂ ಸೇರಿಸಿಯೇ. ಹೀಗೆ ಕಲಿಯುವುದರಲ್ಲಿ ಒಳ್ಳೆಯದು ಬೇಕಾದಷ್ಟಿದೆ. ಪಾರ್ಟಿಯನ್ನು, ಅಂದರೆ ಪ್ರವಾಸಿಗರ ಗುಂಪನ್ನು, ಹೇಗೆ ನಿಲ್ಲಿಸಬೇಕು, ಬಿಸಿಲು ಯಾವ ಕಡೆಯಿಂದ ಬೀಳುವಾಗ ಯಾವ ಗೋಡೆ ಮೊದಲು ತೋರಿಸಬೇಕು, ಇದೆಲ್ಲ ಪುಸ್ತಕದಲ್ಲಿ ಸಿಗುವುದಿಲ್ಲ. ಆದರೆ ತಪ್ಪುಗಳೂ ಹಾಗೇ ಒಬ್ಬರಿಂದ ಒಬ್ಬರಿಗೆ ಬರುತ್ತವೆ. ಈಚೆಗೆ ಯೂಟ್ಯೂಬ್ ನೋಡಿ ಬಂದವರು "ಟೆಲಿಸ್ಕೋಪ್ ಹಿಡಿದ ಶಿಲ್ಪ ಎಲ್ಲಿದೆ, ರಾಕೆಟ್ ಎಲ್ಲಿದೆ" ಅಂತ ಕೇಳುತ್ತಾರೆ. ನಮ್ಮಲ್ಲೇ ಕೆಲವರು ಬೆರಳು ಮಾಡಿ ತೋರಿಸಿಬಿಡುತ್ತಾರೆ, ಯಾಕಂದರೆ ಬೇಸರ ಮಾಡಿದರೆ ಟಿಪ್ಸ್ ಸಿಗುವುದಿಲ್ಲ. ಇದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟರೆ ಬರುಬರುತ್ತಾ ಗಟ್ಟಿಯಾಗುತ್ತದೆ, ಅದಕ್ಕೇ ಬಳೆಯ ಒಳಗಿನ ಸಂದೂ ಬಿಡದೆ ಕೆತ್ತಲು ಆಯಿತು, ಯಂತ್ರ ಗಿಂತ್ರ ಏನೂ ಬೇಕಾಗಿರಲಿಲ್ಲ ಅಂತ ವಿವರಿಸಿದರೆ ಜನ ಇನ್ನೂ ಜಾಸ್ತಿ ಬೆರಗಾಗುತ್ತಾರೆ. ನಾನು ಮಾಡಿ ನೋಡಿದ್ದೇನೆ. ಆದರೆ ಹೀಗೆ ಹೇಳಬೇಕಾದರೆ ಕಲ್ಲಿನ ಬಗ್ಗೆ ಗೈಡ್‌ಗೆ ಯಾರಾದರೂ ಹೇಳಿಕೊಟ್ಟಿರಬೇಕು.

ಗೊತ್ತಿಲ್ಲದ ಕಡೆ ನಾವು ಜನರನ್ನು ಕರೆದುಕೊಂಡೇ ಹೋಗುವುದಿಲ್ಲ. ಇದು ಇನ್ನೊಂದು ನಷ್ಟ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯಿಂದ ಬಸ್ತಿಹಳ್ಳಿ ಬಸದಿಗಳಿಗೆ ನಡೆದೇ ಹೋಗಬಹುದು. ಅಲ್ಲಿಯ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವ ಕಟ್ಟಿಸಿದ, ತನ್ನ ತಂದೆ, ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ. ಒಳಗಿನ ಕಂಬಗಳಿಗೆ ಎಂಥ ಹೊಳಪು ಅಂದರೆ ಹತ್ತಿರ ನಿಂತರೆ ನಮ್ಮ ನೆರಳು ಕಾಣುತ್ತದೆ. ಎಷ್ಟು ಪಾರ್ಟಿಗಳು ಅಲ್ಲಿಗೆ ಹೋಗುತ್ತವೆ? ತೀರಾ ಕಡಿಮೆ. ಗುಡಿಯ ಪಕ್ಕದಲ್ಲೇ ಗರುಡಗಂಬ ಇದೆ. ದೊರೆ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ಜೊತೆಗೇ ಪ್ರಾಣ ಕೊಟ್ಟ ದಂಡನಾಯಕ ಕುವರ ಲಕ್ಷ್ಮನ ನೆನಪಿನ ಕಂಬ ಅದು. ಅದರ ಮೇಲೆ ಬರೆದಿದ್ದಾರೆ, ಕೆತ್ತಿದ್ದಾರೆ. ಜನ ಅದಕ್ಕೆ ಬೆನ್ನು ಹಾಕಿ ನಿಂತು ಗುಡಿಯ ಜೊತೆ ಸೆಲ್ಫಿ ತೆಗೆಯುತ್ತಾರೆ, ಗೈಡ್ ಸುಮ್ನೆ ಕಾಯುತ್ತಾ ನಿಂತಿರುತ್ತಾನೆ.

ನಾನು ಪಡೆದ ತರಬೇತಿಯ ವಿಷಯಕ್ಕೆ ಬರುತ್ತೇನೆ. ಯಾರು ನಡೆಸಿದರು, ಯಾವ ವರ್ಷ ಅಂತ ಇಲ್ಲಿ ಬರೆಯುವುದಿಲ್ಲ, ಒಬ್ಬರನ್ನು ದೂರುವುದು ನನ್ನ ಉದ್ದೇಶ ಅಲ್ಲ. ಒಂದು ದೊಡ್ಡ ಹಾಲ್, ಎಸಿ, ಪರದೆ. ಬೆಳಿಗ್ಗೆಯಿಂದ ಸಂಜೆವರೆಗೆ ಸ್ಲೈಡ್‌ಗಳು. ಬಂದವರು ಒಳ್ಳೆಯ ವಿದ್ವಾಂಸರೇ, ಆದರೆ ಅರ್ಧಕ್ಕರ್ಧ ಇಂಗ್ಲಿಷ್‌ನಲ್ಲಿ ಮಾತಾಡಿದರು, ಹಿಂದಿನ ಸಾಲಿನಲ್ಲಿ ಕೂತ ನಾವು ತಲೆ ಆಡಿಸಿದೆವು. ನಗುಮುಖ ಇರಬೇಕು, ಷೂ ಪಾಲಿಶ್ ಆಗಿರಬೇಕು, "ಅತಿಥಿ ದೇವೋ ಭವ" ಅಂತ ಹೇಳಿದರು. ಒಪ್ಪುತ್ತೇನೆ, ಅದೂ ಬೇಕು. ಆದರೆ ಒಬ್ಬರೇ ಒಬ್ಬರು ನಮ್ಮನ್ನು ಒಂದು ಗೋಡೆಯ ಮುಂದೆ ನಿಲ್ಲಿಸಿ "ಈಗ ನೀನು ಹೇಳು ನೋಡೋಣ" ಅನ್ನಲಿಲ್ಲ. ಕೊನೆಗೆ ಗ್ರೂಪ್ ಫೋಟೋ, ಸರ್ಟಿಫಿಕೇಟ್. ನನ್ನ ಮಾತು ಕೇಳಿ ನೋಡದೆಯೇ ನಾನು ಗೈಡ್ ಆದೆ.

ನನ್ನದಾದರೂ ಪರವಾಗಿಲ್ಲ. ನನ್ನ ಚಿಕ್ಕಪ್ಪನ ಮಗಳ ಕತೆ ಕೇಳಿ. ಬಿ.ಎ. ಹಿಸ್ಟರಿ ಮಾಡಿದ್ದಾಳೆ, ಇಂಗ್ಲಿಷ್ ಚೆನ್ನಾಗಿದೆ, ಚಿಕ್ಕಂದಿನಿಂದ ಆ ಗುಡಿಯ ಆವರಣದಲ್ಲಿ ಆಡಿ ಬೆಳೆದವಳು. ಗೈಡ್ ಆಗಬೇಕು ಅಂದಳು. ನಮ್ಮಲ್ಲಿ ಹೆಣ್ಣುಮಕ್ಕಳು ಈ ಕೆಲಸಕ್ಕೆ ಬರುವುದು ಬಹಳ ಕಡಿಮೆ, ಅದಕ್ಕೆ ನನಗೆ ತುಂಬ ಖುಷಿಯಾಯಿತು. ಎಲ್ಲಿ ವಿಚಾರಿಸಿದರೂ "ಮುಂದಿನ ತರಬೇತಿ ಬಂದಾಗ ತಿಳಿಸುತ್ತೇವೆ" ಅಂತಲೇ ಉತ್ತರ. ಕಾದು ಸಾಕಾಗಿ ಅವಳು ಜಾಹೀರಾತು ನೋಡಿ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಗೆ ಸೇರಿದಳು. "ಟೂರ್ ಗೈಡ್ ಡಿಪ್ಲೊಮಾ, ಸರ್ಕಾರಿ ಮಾನ್ಯತೆ" ಅಂತ ಅದರಲ್ಲಿತ್ತು. 18 ಸಾವಿರ ಫೀಸು. ಚಿಕ್ಕಪ್ಪ ಒಂದು ಹಸು ಮಾರಿದ್ದರು. ಮೂರು ತಿಂಗಳು ಅವಳಿಗೆ ಕಲಿಸಿದ್ದು ಏರ್‌ಲೈನ್ ಟಿಕೆಟ್ ಬುಕಿಂಗ್, ವಿಮಾನ ನಿಲ್ದಾಣಗಳ ಕೋಡು, ವೀಸಾ ಫಾರಂ. ಟ್ರಾವೆಲ್ ಏಜೆನ್ಸಿ ಕೆಲಸ ಬೇರೆ, ಗೈಡ್ ಕೆಲಸ ಬೇರೆ ಅನ್ನುವುದೇ ಆ ಕೋರ್ಸ್ ಮಾಡಿದವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹಾಗೆ ಮಾಡಿದರೋ. ಪ್ಲಾಸ್ಟಿಕ್ ಕವರಿನ ಫೈಲಿನಲ್ಲಿ ಸರ್ಟಿಫಿಕೇಟ್ ಇಟ್ಟುಕೊಂಡು ಊರಿಗೆ ಬಂದಳು. ಇಲ್ಲಿ ವಿಚಾರಿಸಿದರೆ "ಇದು ನಡೆಯಲ್ಲಮ್ಮ, ಲೈಸೆನ್ಸ್ ಬೇಕು" ಅಂದರು. ಅವರು ಹೇಳಿದ್ದು ಕಾನೂನು ಪ್ರಕಾರ ಸರಿಯೇ.

ಆ ಕಾನೂನು ನನಗೂ ಗೊತ್ತು. 1959ರ ಪುರಾತತ್ವ ನಿಯಮಗಳ ಪ್ರಕಾರ ಸಂರಕ್ಷಿತ ಸ್ಮಾರಕದೊಳಗೆ ದುಡ್ಡು ತೆಗೆದುಕೊಂಡು ಜನರಿಗೆ ತೋರಿಸಬೇಕಾದರೆ ಪುರಾತತ್ವ ಅಧಿಕಾರಿಯ ಲೈಸೆನ್ಸ್ ಇರಬೇಕು. ಅದರ ಜೊತೆಗೆ ರಾಜ್ಯ ಸರ್ಕಾರ ಗುರುತಿಸಿದ ಗೈಡ್‌ಗಳಿದ್ದಾರೆ. ಕೇಂದ್ರದ ಮಾನ್ಯತೆ ಪಡೆದ ಗೈಡ್‌ಗಳು ಬೇರೆ. 2020ರಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಮನೆಯಲ್ಲೇ ಕೂತು ಕಲಿಯುವ ಆನ್‌ಲೈನ್ ಕೋರ್ಸನ್ನೂ ಶುರುಮಾಡಿತು, ಅದನ್ನು ಪಾಸು ಮಾಡಿದವರನ್ನು ಟೂರಿಸ್ಟ್ ಫೆಸಿಲಿಟೇಟರ್ ಅಂತಾರೆ. ಇಷ್ಟೆಲ್ಲ ಇವೆ, ಆದರೆ ಯಾವುದಕ್ಕೆ ಏನು ಓದಿರಬೇಕು, ಯಾವ ಕಾರ್ಡಿಗೆ ಎಲ್ಲಿ ಬೆಲೆ ಅನ್ನುವುದನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ತಾಲ್ಲೂಕು ಕಚೇರಿಯ ಗೋಡೆಗೆ ಹಚ್ಚಿದ್ದನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಆ ಒಂದು ಹಾಳೆ ಇದ್ದಿದ್ದರೆ ಚಿಕ್ಕಪ್ಪನ ಹಸು ಉಳಿಯುತ್ತಿತ್ತು.

ಗೈಡ್ ಅಂದರೆ ಇತಿಹಾಸ ಹೇಳುವವನು ಮಾತ್ರ ಅಲ್ಲ ಅನ್ನುವುದನ್ನೂ ಹೇಳಬೇಕು. ಒಂದು ಏಪ್ರಿಲ್ ಮಧ್ಯಾಹ್ನ ಬೇಲೂರಿನಲ್ಲಿ ನನ್ನ ಪಾರ್ಟಿಯ ಒಬ್ಬ ಅಜ್ಜಿ ಕುಸಿದುಬಿದ್ದರು. ಚಪ್ಪಲಿ ಹೊರಗೆ ಬಿಟ್ಟು ಬಂದಿರುತ್ತಾರೆ, ಅಂಗಳದ ಚಪ್ಪಡಿ ಕಾದ ಕಾವಲಿ ಹಾಗಿರುತ್ತದೆ. ಎಲ್ಲರೂ ಸುತ್ತ ಮುತ್ತಿಕೊಂಡರು. ನಾನು ಮುಖಕ್ಕೆ ನೀರು ಚಿಮುಕಿಸಿದೆ, ಅಷ್ಟೇ ನನಗೆ ಗೊತ್ತಿದ್ದದ್ದು. ಪುಣ್ಯಕ್ಕೆ ಬೇರೆ ಬಸ್ಸಿನಲ್ಲಿ ಬಂದಿದ್ದ ಒಬ್ಬ ನರ್ಸ್ ಓಡಿಬಂದು ಜನರನ್ನು ಸರಿಸಿ, ಅಜ್ಜಿಯನ್ನು ನೆರಳಿಗೆ ಎತ್ತಿಸಿ, ಮಲಗಿಸಿ, ಕಾಲು ಎತ್ತರ ಮಾಡಿ, ಒದ್ದೆ ಬಟ್ಟೆ ಹಾಕಿದರು. ಹತ್ತು ನಿಮಿಷಕ್ಕೆ ಅಜ್ಜಿ ಕಣ್ಣು ಬಿಟ್ಟು "ಬಸ್ಸು ಹೋಯ್ತಾ?" ಅಂದರು. ಅವತ್ತು ಆ ನರ್ಸ್ ಇರದಿದ್ದರೆ? ದಿನಕ್ಕೆ ನೂರಾರು ಜನರ ಜೊತೆ ಬಿಸಿಲಲ್ಲಿ ಓಡಾಡುವ ನಮಗೆ ಪ್ರಥಮ ಚಿಕಿತ್ಸೆ ಯಾರೂ ಕಲಿಸಿಲ್ಲ. ಕಣ್ಣು ಕಾಣದವರು ಬಂದಾಗ ಹೇಗೆ ವಿವರಿಸಬೇಕು, ಗಾಲಿಕುರ್ಚಿಯಲ್ಲಿ ಬಂದವರನ್ನು ಯಾವ ಕಡೆಯಿಂದ ಕರೆದೊಯ್ಯಬೇಕು, ಅದೂ ಕಲಿಸಿಲ್ಲ.

ಶಾಲಾ ಮಕ್ಕಳ ಬಗ್ಗೆ ಹೇಳದಿದ್ದರೆ ಈ ಪತ್ರ ಪೂರ್ತಿ ಆಗುವುದಿಲ್ಲ. ನವೆಂಬರ್ ಬಂತು ಅಂದರೆ ರಾಜ್ಯದ ಮೂಲೆಮೂಲೆಯಿಂದ ಶಾಲೆಯ ಬಸ್ಸುಗಳು ಬರುತ್ತವೆ. ಬೀದರ್‌ನಿಂದ, ರಾಯಚೂರಿನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದ ಮಕ್ಕಳು. ಶಾಲೆಯವರ ಹತ್ತಿರ ಗೈಡ್ ಫೀಸಿಗೆ ದುಡ್ಡಿರುವುದಿಲ್ಲ, ಮೇಷ್ಟ್ರು "ಲೈನಲ್ಲಿ ಬನ್ನಿ, ಮುಟ್ಟಬೇಡಿ" ಅಂತ ಕೂಗುತ್ತಾ ಒಂದು ಸುತ್ತು ಹಾಕಿಸಿ ಬಸ್ಸು ಹತ್ತಿಸುತ್ತಾರೆ. ಅವರ ತಪ್ಪೇನೂ ಇಲ್ಲ, 50 ಮಕ್ಕಳನ್ನು ಎಣಿಸುವುದೇ ಅವರಿಗೆ ಸಾಕಾಗಿರುತ್ತದೆ. ಒಂದು ಸಲ ಬಿಡುವಾಗಿದ್ದೆ ಅಂತ ಅಂಥ ಒಂದು ಗುಂಪಿಗೆ ನಾನೇ ತೋರಿಸಿದೆ. ಕೆಳಗಿನ ಪಟ್ಟಿಯ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಅಂತ ಹೇಳುತ್ತಿದ್ದೆ. ಒಬ್ಬ ಹುಡುಗಿ ಕೈ ಎತ್ತಿ "ಸಾರ್, ಇದನ್ನ ಮಾಡಿದೋರಿಗೆ ಎಷ್ಟು ಕೂಲಿ ಕೊಟ್ರು?" ಅಂತ ಕೇಳಿದಳು. ಅಷ್ಟು ವರ್ಷದಲ್ಲಿ ಯಾವ ದೊಡ್ಡವರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಂಥ ಪ್ರಶ್ನೆ ಬಂದಾಗ ಯಾರನ್ನು ಕೇಳಬೇಕು ಅನ್ನುವುದಾದರೂ ಗೈಡ್‌ಗೆ ತಿಳಿದಿರಬೇಕು. ಫೋನ್ ಮಾಡಿ ಕೇಳಲು ಒಬ್ಬ ಶಾಸನ ತಜ್ಞರ ನಂಬರ್ ಕೂಡ ನಮಗೆ ಯಾರೂ ಕೊಟ್ಟಿಲ್ಲ.

ಬೇರೆ ಕಡೆ ಹೇಗೆ ಮಾಡುತ್ತಾರೆ ಅಂತ ಸ್ವಲ್ಪ ನೋಡಿ. ಲಂಡನ್ನಿನಲ್ಲಿ ಬ್ಲೂ ಬ್ಯಾಡ್ಜ್ ಅಂತ ಗೈಡ್ ಅರ್ಹತೆ ಇದೆ. ಅದಕ್ಕೆ ವರ್ಷಕ್ಕಿಂತ ಜಾಸ್ತಿ ಓದಬೇಕು. ಬರೆಯುವ ಪರೀಕ್ಷೆ ಅಲ್ಲದೆ, ಓಡುವ ಬಸ್ಸಿನಲ್ಲಿ ಮೈಕ್ ಹಿಡಿದು ವಿವರಿಸಬೇಕು, ವೆಸ್ಟ್‌ಮಿನ್‌ಸ್ಟರ್ ಅಬೆ ಅನ್ನುವ ಹಳೆಯ ಚರ್ಚಿನೊಳಗೆ ಪರೀಕ್ಷಕರ ಮುಂದೆ ನಿಂತು ಹೇಳಬೇಕು. ಆ ಊರಿನ ಗೈಡ್ ಒಬ್ಬರು ನಮ್ಮಲ್ಲಿಗೆ ಪ್ರವಾಸಿಯಾಗಿ ಬಂದಿದ್ದಾಗ ತಮ್ಮ ಬ್ಯಾಡ್ಜ್ ತೋರಿಸಿ ಇದನ್ನೆಲ್ಲ ಹೇಳಿದರು. ಅವರ ಮುಖದಲ್ಲಿದ್ದ ಹೆಮ್ಮೆ ನೋಡಿ ನನಗೂ ಅಂಥದ್ದೊಂದು ಬೇಕು ಅನ್ನಿಸಿತು. ನನ್ನ ಗುಡಿ ಅವರ ಅಬೆಗಿಂತ ಯಾವುದರಲ್ಲಿ ಕಡಿಮೆ?

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಭಾರತದ 42ನೇ ತಾಣ. ಅವತ್ತು ನಮ್ಮೂರಲ್ಲಿ ಸಿಹಿ ಹಂಚಿದೆವು. ಬೋರ್ಡುಗಳು ಬಂದವು, ಜನ ಬಂದರು. ಅದೇ ಹೊತ್ತಿಗೆ ಗೈಡ್‌ಗಳನ್ನೂ ಆ ಮಟ್ಟಕ್ಕೆ ತಯಾರು ಮಾಡುವ ಕೆಲಸ ಆಗಬೇಕಿತ್ತು. ಮಾನ್ಯತೆ ಇರುವ ಗೈಡ್‌ಗಳಿಗೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತದೆ, ಮಳೆಗಾಲದಲ್ಲಿ ಅದೇ ನಮಗೆ ಆಸರೆ, ಅದಕ್ಕೆ ಋಣಿ. ನಾನು ಇವತ್ತು ಕೇಳುತ್ತಿರುವುದು ಕಲಿಸಿ ಅಂತ.

ತರಬೇತಿಯನ್ನು ದಯವಿಟ್ಟು ಹಾಲ್‌ನಿಂದ ಗುಡಿಗೆ ತನ್ನಿ. ಹಾಸನದವನಿಗೆ ಹಂಪಿಯನ್ನು, ಹಂಪಿಯವನಿಗೆ ಬೇಲೂರನ್ನು ಮೇಲೆ ಮೇಲೆ ಹೇಳಿ ಕಳಿಸುವ ಬದಲು, ಯಾವ ತಾಣದ ಗೈಡೋ ಆ ತಾಣದಲ್ಲೇ ಕನಿಷ್ಠ ಮೂರು ತಿಂಗಳು ಕಲಿಯಲಿ. ಕನ್ನಡದಲ್ಲಿ ಕಲಿಸಿ. ಕನ್ನಡದಲ್ಲಿ ಸರಿಯಾಗಿ ತಿಳಿದದ್ದನ್ನು ಇಂಗ್ಲಿಷಿಗೋ ಹಿಂದಿಗೋ ತಿರುಗಿಸಿ ಹೇಳುವುದು ನಮಗೆ ಕಷ್ಟ ಅಲ್ಲ. ಶಾಸನದ ಅಕ್ಷರ ಓದಲು ಹೇಳಿಕೊಡಿ, ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹಳೆ ಲಿಪಿ ಬಲ್ಲವರು ಇದ್ದಾರೆ, ಅವರನ್ನು ವರ್ಷಕ್ಕೆ ಎರಡು ವಾರ ಇಲ್ಲಿಗೆ ಕಳಿಸಿದರೂ ಸಾಕು. ಪರೀಕ್ಷೆ ಇರಲಿ, ಗೋಡೆಯ ಮುಂದೆ ನಿಂತು ಬಾಯಲ್ಲಿ ಹೇಳುವ ಪರೀಕ್ಷೆ. ಕೇಳುವವರಲ್ಲಿ ಒಬ್ಬ ಇತಿಹಾಸದ ಮೇಷ್ಟ್ರು, ಒಬ್ಬ ಹಿರಿಯ ಗೈಡ್, ಒಬ್ಬ ಸಾಮಾನ್ಯ ಪ್ರವಾಸಿ ಇರಲಿ. ಪ್ರಥಮ ಚಿಕಿತ್ಸೆಯಲ್ಲಿ ಪಾಸಾಗದೆ ಯಾರಿಗೂ ಕಾರ್ಡು ಕೊಡಬೇಡಿ. ಕೆಲವು ವರ್ಷಕ್ಕೊಮ್ಮೆ ನಮ್ಮನ್ನು ಮತ್ತೆ ಕೂರಿಸಿ ಹೊಸದಾಗಿ ಸಿಕ್ಕ ವಿಷಯ ಹೇಳಿ, ಆಗಲೇ ಕಾರ್ಡು ನವೀಕರಿಸಿ. ಶಾಲಾ ಮಕ್ಕಳ ಗೈಡ್ ಫೀಸನ್ನು ಸರ್ಕಾರವೇ ಕೊಟ್ಟರೆ ಹೊಸಬರಿಗೆ ಅಭ್ಯಾಸವೂ ಆಗುತ್ತದೆ.

ಇಷ್ಟೆಲ್ಲ ಕೇಳುವಾಗ ಒಂದು ಭಯವೂ ಇದೆ. ಡಿಗ್ರಿ ಇದ್ದವರೇ ಗೈಡ್ ಆಗಬೇಕು ಅಂತ ಒಂದೇ ಗೆರೆ ಎಳೆದುಬಿಟ್ಟರೆ ನನಗೆ ಕೆಲಸ ಕಲಿಸಿದ ಹಿರಿಯರು ಹೊರಗೆ ಉಳಿಯುತ್ತಾರೆ. ಅವರಲ್ಲಿ ಒಬ್ಬರು ಏಳನೇ ಕ್ಲಾಸು ಓದಿದವರು. ಬೆಳಿಗ್ಗೆ ಯಾವ ಹೊತ್ತಿಗೆ ಯಾವ ಶಿಲ್ಪದ ಮೇಲೆ ಬೆಳಕು ಬಂದು ಬೀಳುತ್ತದೆ ಅಂತ ತಿಂಗಳುವಾರು ಹೇಳಬಲ್ಲರು. ವಿದೇಶಿಯರ ಜೊತೆ ಮಾತಾಡಿಯೇ ಫ್ರೆಂಚ್ ಕಲಿತವರು. ಅಂಥವರಿಗೆ ಅನುಭವದ ಮೇಲೆ ಪರೀಕ್ಷೆಗೆ ಕೂರುವ ಅವಕಾಶ ಇರಲಿ, ಬರವಣಿಗೆ ಬೇಡ, ಬಾಯಲ್ಲಿ ಕೇಳಿ. ಅವರನ್ನೇ ಹೊಸಬರಿಗೆ ಮೇಷ್ಟ್ರು ಮಾಡಿ, ಅದಕ್ಕೊಂದು ಸಂಬಳ ಕೊಡಿ. ತಪ್ಪು ಹೇಳಿದ್ದಾರೆ ಅಂತ ಯಾರನ್ನೂ ಅವಮಾನ ಮಾಡಬೇಡಿ. ನನ್ನನ್ನು ತಿದ್ದಿದ ಆ ಮೇಷ್ಟ್ರು ಹೇಗೆ ತಿದ್ದಿದರೋ ಹಾಗೆ ತಿದ್ದಿ.

ಖಾಸಗಿ ಕೋರ್ಸುಗಳ ಜಾಹೀರಾತಿನಲ್ಲಿ "ಸರ್ಕಾರಿ ಮಾನ್ಯತೆ" ಅಂತ ಹಾಕಿದ್ದರೆ ಅದು ನಿಜವೋ ಸುಳ್ಳೋ ಅಂತ ಪರಿಶೀಲಿಸಲು ಒಬ್ಬ ಅಧಿಕಾರಿಯನ್ನು ನೇಮಿಸಿ. ಯಾವ ಕೋರ್ಸ್ ಮಾಡಿದರೆ ಯಾವ ಕಾರ್ಡು ಸಿಗುತ್ತದೆ ಅನ್ನುವ ಆ ಒಂದು ಹಾಳೆಯನ್ನು ಈ ತಿಂಗಳೇ ಅಚ್ಚು ಹಾಕಿಸಿ. ಇದಕ್ಕೆ ಬಜೆಟ್ ಬೇಕಾಗಿಲ್ಲ.

ತಂಗಿ ಈಗ ಹಾಸನದಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಳೆ. ಭಾನುವಾರ ಮಾತ್ರ ನನ್ನ ಜೊತೆ ಗುಡಿಗೆ ಬರುತ್ತಾಳೆ, ಟಾರ್ಚ್ ತರುತ್ತಾಳೆ. ನನಗಿಂತ ಬೇಗ ಅಕ್ಷರ ಓದುತ್ತಾಳೆ. ಮುಂದಿನ ತರಬೇತಿ ಯಾವಾಗ ಅಂತ ಹೋದ ವಾರವೂ ಕೇಳಿದಳು. ದಿನಾಂಕ ತಿಳಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಗೈಡ್,
ಹಳೇಬೀಡು, ಹಾಸನ ಜಿಲ್ಲೆ.